ತುಂಗಮ್ಮನ ಆ್ಯಂಟೆನಾ

ಕಳಸದಿಂದ ಹೊರಡುವ ಯಾವ ಬಸ್ಸಿನಲ್ಲಾದರೂ ಸರಿ, ‘ರೇಡಿಯೋ ತುಂಗಮ್ಮನ ಮನೆ’ ಅಂತ ಹೇಳಿ ಕೂತರೆ ಸಾಕಿತ್ತು, ಕಂಡಕ್ಟರ್ ಸರಿಯಾದ ತಿರುವಿನಲ್ಲಿ ಸೀಟಿ ಊದಿ ಇಳಿಸುತ್ತಿದ್ದ. ಗಂಡ ಕೃಷ್ಣಪ್ಪನವರ ಹೆಸರು ಹೇಳಿದರೆ ಮಾತ್ರ ‘ಯಾವ ಕೃಷ್ಣಪ್ಪ ಮಾರಾಯ್ರೆ?’ ಅನ್ನುತ್ತಿದ್ದ. ಎಂಟೆಕರೆ ಕಾಫಿ ತೋಟದ ಆ ಯಜಮಾನರು, ಪಾಪ, ಅದಕ್ಕೆ ಯಾವತ್ತೂ ಬೇಜಾರು ಮಾಡಿಕೊಂಡವರಲ್ಲ.

ತುಂಗಮ್ಮ ಮೂಡಿಗೆರೆ ಕಡೆಯ ಹೆಣ್ಣು. ಮದುವೆಯಲ್ಲಿ ತವರಿನವರು ಕೊಟ್ಟ ಬೆಳ್ಳಿ ತಟ್ಟೆಯನ್ನು ಅಟ್ಟಕ್ಕೆ ಹಾಕಿದಳು, ಅಣ್ಣ ಕೊಟ್ಟ ಟ್ರಾನ್ಸಿಸ್ಟರನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಳು. ಬೆಳಗಿನ ಚಿಂತನದಿಂದ ರಾತ್ರಿಯ ವಾರ್ತೆಯವರೆಗೆ ಅದು ಮಾತಾಡುತ್ತಲೇ ಇರಬೇಕು. ವಾರ್ತೆ ಓದುವವರು ನಮಸ್ಕಾರ ಹೇಳುವ ಮೊದಲೇ ಯಾರಾದರೂ ರೇಡಿಯೋದ ಕಿವಿ ಹಿಂಡಿದರೋ, ಮುಗಿಯಿತು. “ಎದುರಿಗೆ ಕೂತು ಮಾತಾಡ್ತಿರೋರ ಬಾಯಿ ಮುಚ್ಚಿಸ್ತೀರಾ? ಅವ್ರೂ ಮನುಷ್ಯರಲ್ವಾ?” ಅಂತ ಜಗಳಕ್ಕೆ ಬರುತ್ತಿದ್ದಳು. ಆಕಾಶವಾಣಿಗೆ ಅವಳು ಬರೆದ ಕಾರ್ಡುಗಳಿಗೆ ಲೆಕ್ಕವೇ ಇಲ್ಲ. ಹೊಗಳುವುದಿದ್ದರೆ ಹೊಗಳಿ, ಬಯ್ಯುವುದಿದ್ದರೆ ಬಯ್ದೇ ಬರೆಯುತ್ತಿದ್ದಳು. ‘ನಿನ್ನೆಯ ಕಾಳುಮೆಣಸಿನ ಕಾರ್ಯಕ್ರಮ ಚೆನ್ನಾಗಿತ್ತು. ಆದರೆ ಮಾತಾಡಿದ ಮಹನೀಯರು ಮೆಣಸಿನ ಬಳ್ಳಿಯ ನೆರಳಿಗೂ ಹೋದಂತೆ ಕಾಣಲಿಲ್ಲ’ ಎಂದು ಬರೆದದ್ದನ್ನು ಆಕಾಶವಾಣಿಯವರು ನಗುತ್ತಲೇ ಓದಿ ಹೇಳಿದ್ದರಂತೆ. ಆ ವಾರವೆಲ್ಲ ತುಂಗಮ್ಮನ ಕಾಲು ನೆಲದ ಮೇಲಿರಲಿಲ್ಲ.

ತೊಂಬತ್ತರ ಹೊತ್ತಿಗೆ ಮನೆಗೆ ಕಪ್ಪು ಬಿಳುಪಿನ ಟೀವಿ ಬಂತು. ಬಂದರೇನು, ಮನೆಯಿರುವುದು ಕಣಿವೆಯ ತಳದಲ್ಲಿ. ದೂರದರ್ಶನ ಅಷ್ಟು ಕೆಳಗೆ ಇಳಿದು ಬರಲು ಒಪ್ಪಲಿಲ್ಲ. ಕೊನೆಗೆ ಹಿತ್ತಲಿನ ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಪೈಪು ನೆಟ್ಟು, ತುದಿಗೆ ಆ್ಯಂಟೆನಾ ಕಟ್ಟಿ, ಕಾಫಿ ಗಿಡಗಳ ಮಧ್ಯೆ ಉದ್ದಕ್ಕೂ ವೈರು ಎಳೆದು ತಂದರು. ಇದೆಲ್ಲ ಮಾಡಿದವನು ಗಿಡ್ಡಪ್ಪ. ತೋಟದ ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ಹೆಂಡತಿ ಮುತ್ತಮ್ಮನ ಜೊತೆ ಇದ್ದ ಆಳು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯಿಂದ ಹಿಡಿದು ಗೊಬ್ಬರದವರೆಗೆ ಎಲ್ಲ ಕೆಲಸದವನು. ಗಾಳಿ ಬೀಸಿ ಪೈಪು ತಿರುಗಿದರೆ ಗುಡ್ಡ ಹತ್ತುವವನು ಅವನೇ.

ಆಮೇಲಿನ ಆಟ ಇಡೀ ಕಣಿವೆಗೆ ಗೊತ್ತು. ಮೇಲಿಂದ “ಬಂತಾ?” ಅಂತ ಅವನ ಕೂಗು. ಕೆಳಗಿನಿಂದ “ಇಲ್ಲ! ಇನ್ನೊಂಚೂರು ಕುದುರೆಮುಖದ ಕಡೆ!” ಅಂತ ತುಂಗಮ್ಮನ ಕೂಗು. “ಈಗ?” “ಬಂತು... ಬಂತು... ಅಯ್ಯೋ, ಹೋಯ್ತು!” ತುಂಗಮ್ಮ ಒಂದು ದಿನವೂ ಆ ಗುಡ್ಡ ಹತ್ತಿದವಳಲ್ಲ. ಅಂಗಳದಲ್ಲಿ ನಿಂತು ಕೂಗುವುದೇ ಅವಳ ಪಾಲಿನ ಕೆಲಸ, ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು.

ಹೀಗಿರುವಾಗ, ಮೂರ್ನಾಲ್ಕು ವರ್ಷದ ಮೇಲೆ, ಒಂದು ಕೊಯ್ಲಿನ ಕಾಲದಲ್ಲಿ ಅವಳು ದೂರದರ್ಶನಕ್ಕೆ ಖಾರವಾಗಿಯೇ ಒಂದು ಕಾರ್ಡು ಹಾಕಿದಳು. ‘ಪೇಟೆಯವರು ಹಾಡಿದರೆ ಮಾತ್ರ ಹಾಡೋ? ನಮ್ಮ ತೋಟದಲ್ಲಿ ಹಣ್ಣು ಕೊಯ್ಯುತ್ತಾ ಹಾಡುವವರ ಬಾಯಿಗೂ ನಿಮ್ಮ ಕ್ಯಾಮರಾ ಹಿಡಿಯಿರಿ ನೋಡೋಣ.’ ಅವರು ನಿಜಕ್ಕೂ ಜೀಪು ಮಾಡಿಕೊಂಡು ಬಂದುಬಿಟ್ಟರು! ತುಂಗಮ್ಮನ ಸಂಭ್ರಮ ಕೇಳಬೇಡಿ. ಕಾಫಿ ಕೊಡುವ ನೆಪದಲ್ಲಿ ಹೊಸ ಸೀರೆ ಉಟ್ಟು ಕ್ಯಾಮರಾದ ಮುಂದೆ ಮೂರು ಸಲ ಹಾದುಹೋದಳು.

ಹಾಡಿದ್ದು ಮುತ್ತಮ್ಮ. ಗಂಟಲು ಅಂದರೆ ಅದು ಗಂಟಲು, ಪಕ್ಕದ ತೋಟದವರೂ ಕೊಯ್ಯುವುದು ಬಿಟ್ಟು ಕೇಳುವಂಥದು. ಹಾಡು ಮುಗಿದ ಮೇಲೆ ಬಂದವರಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಹೆಸರೇನು ಅಂತ ಕೇಳಿದಳು. ಸುತ್ತಲಿದ್ದವರೆಲ್ಲ ಘೊಳ್ಳೆಂದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಮದುವೆ, ಸೀಮಂತದಲ್ಲಿ ಹಿರಿಯರು ಬಲವಂತ ಮಾಡಿದರೆ ಹಾಡಿನೊಳಗೆ ಸೇರಿಸಿ ಹೇಳಬೇಕು, ಅಷ್ಟೇ. ಮುತ್ತಮ್ಮ ತನ್ನ ಮದುವೆಯಲ್ಲಿಯೂ ಹೇಳದೆ ತಪ್ಪಿಸಿಕೊಂಡವಳು. ಅವತ್ತು ಏನನ್ನಿಸಿತೋ, ಸೆರಗನ್ನು ಬಾಯಿಗೆ ಹಿಡಿದು ನಕ್ಕು, ಆಮೇಲೆ ತಲೆಯೆತ್ತಿ ಹಾಡಿಯೇಬಿಟ್ಟಳು:

“ಗುಡ್ಡ ಹತ್ತೋ ಕಾಲಿಗೆ ಮುಳ್ಳು ನಾಟದಿರಲಿ
ಗಿಡ್ಡಪ್ಪನ ಬುತ್ತಿಗೆ ನನ್ನ ಕೈ ಸೋಲದಿರಲಿ.”

ಗಿಡ್ಡಪ್ಪ ಅಲ್ಲಿರಲಿಲ್ಲ. ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಲಾರಿಯ ಜೊತೆ ಚಿಕ್ಕಮಗಳೂರಿಗೆ ಹೋಗಿದ್ದ. ಬಂದ ಮೇಲೆ ಎಲ್ಲರೂ ಮುಸಿಮುಸಿ ನಕ್ಕರೇ ಹೊರತು ಯಾರೂ ಬಾಯಿಬಿಡಲಿಲ್ಲ. ಮುತ್ತಮ್ಮನೇ ಕಟ್ಟಪ್ಪಣೆ ಮಾಡಿದ್ದಳು. ಎಷ್ಟು ಕೇಳಿದರೂ ಗಂಡನಿಗೆ ಒಂದೇ ಉತ್ತರ: “ಟೀವೀಲಿ ಬಂದಾಗ ನೋಡು. ಇನ್ನೊಂದ್ಸಲ ನನ್ ಬಾಯಲ್ಲಿ ಬರಲ್ಲ.”

ಪ್ರಸಾರದ ಸಂಜೆ ತುಂಗಮ್ಮ ಟೀವಿಯನ್ನು ಜಗುಲಿಗೆ ತಂದು ಕಾಫಿ ಒಣಗಿಸುವ ಕಣದ ಕಡೆ ತಿರುಗಿಸಿಟ್ಟಳು. ಲೈನಿನ ಜನವೆಲ್ಲ ಕಣದಲ್ಲಿ ಕೂತರು. ದೊಡ್ಡ ತೋಟದ ವಿಶಾಲಾಕ್ಷಮ್ಮ, ಮನೆಯಲ್ಲಿ ಬಣ್ಣದ ಟೀವಿ ಇದ್ದವರು, ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ತುಂಗಮ್ಮನೇ ಹೋಗಿ ಕರೆದು ಬಂದಿದ್ದಳು. ಗಿಡ್ಡಪ್ಪ ಹಬ್ಬದ ಬಿಳಿ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಕಾರ್ಯಕ್ರಮ ಶುರುವಾಗಬೇಕು, ಪರದೆಯ ತುಂಬ ಅಕ್ಕಿ ಚೆಲ್ಲಿದಂತಾಯಿತು. ಎಲ್ಲರೂ ಗಿಡ್ಡಪ್ಪನ ಕಡೆ ನೋಡಿದರು. ಅವನು ಎದ್ದು, ಬಿಳಿ ಅಂಗಿಯ ತೋಳು ಮಡಿಸಿ, ಗುಡ್ಡದ ಕಡೆ ಓಡಿದ.

“ಬಂತಾ?”

“ಬಂತು! ಬಾ ಬೇಗ!”

ಅವನು ಕೈ ಬಿಟ್ಟ, ಚಿತ್ರ ಹೋಯಿತು. ಹಿಡಿದ, ಬಂತು. ಬಿಟ್ಟ, ಹೋಯಿತು. ಪೈಪಿನ ಬೋಲ್ಟು ಸಡಿಲವಾಗಿತ್ತು. ಅಷ್ಟರಲ್ಲಿ ಪರದೆಯ ಮೇಲೆ ತುಂಗಮ್ಮನ ತೋಟ, ತುಂಗಮ್ಮನ ಕಣ, ಕಾಫಿ ಲೋಟ ಹಿಡಿದ ತುಂಗಮ್ಮನೇ ಮೂಡಿಬಂದಳು.

“ಹಂಗೇ ಹಿಡ್ಕೊಂಡಿರು ಗಿಡ್ಡಪ್ಪ! ಅಲ್ಲಾಡ್ಬೇಡ!” ಅಂತ ಕೂಗಿದಳು.

ಕೃಷ್ಣಪ್ಪನವರು ಮೆಲ್ಲಗೆ ಹೇಳಿದರು. “ಅಲ್ವೇ, ಬೇರೆ ಯಾರನ್ನಾದ್ರೂ ಕಳ್ಸಿ ಅವನ್ನ ಕೆಳಗೆ ಕರ್ಸು. ಅವನ ಹೆಂಡ್ತಿ ಹಾಡು ಕಣೇ.”

“ಈಗ ಕೈ ಬದಲಾದ್ರೆ ಎಲ್ಲಾ ಹೋಗುತ್ತೆ. ಸುಮ್ನಿರಿ.”

ಮುತ್ತಮ್ಮ ಬಾಗಿಲ ಹತ್ತಿರ ಅರ್ಧ ಎದ್ದು ನಿಂತಿದ್ದಳು. “ಅಮ್ಮಾ, ಅವ್ರು...”

“ಶ್!” ಅಂದಳು ತುಂಗಮ್ಮ. ಅಂದು, ವಾಲ್ಯೂಮನ್ನು ಪೂರ್ತಿ ತಿರುಗಿಸಿದಳು.

ಹಾಡು ಬಂತು, ಕೊನೆಗೆ ಆ ಎರಡು ಸಾಲೂ ಬಂದವು. ಕಣದಲ್ಲಿ ಶಿಳ್ಳೆ, ಚಪ್ಪಾಳೆ, ಕೇಕೆ. ವಿಶಾಲಾಕ್ಷಮ್ಮ ಕೂಡ “ಪರವಾಗಿಲ್ಲ ತುಂಗಾ, ನಿಮ್ಮ ಮುತ್ತಮ್ಮ ಗಟ್ಟಿಗಿತ್ತಿ” ಅಂದು ನಕ್ಕರು. ಎಲ್ಲರಿಗೂ ಕಾಫಿ, ಕೋಡುಬಳೆ ಹಂಚಿದ್ದಾಯಿತು. ವಿಶಾಲಾಕ್ಷಮ್ಮನನ್ನು ಜೀಪಿನವರೆಗೆ ಕಳಿಸಿ ಬಂದದ್ದೂ ಆಯಿತು. ಕತ್ತಲು ಕವಿಯುವ ಹೊತ್ತಿಗೆ ಗುಡ್ಡದ ಮೇಲಿಂದ ಒಂದು ಕೂಗು ಕೇಳಿತು.

“ಅಮ್ಮಾ... ಬಿಡ್ಲಾ?”

ತುಂಗಮ್ಮನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ದೀಪದ ಬುಡ ಕತ್ತಲೆ ಅನ್ನುವ ಮಾತನ್ನು ಅವಳು ಎಷ್ಟೋ ಜನಕ್ಕೆ ಹೇಳಿದ್ದಳು, ತನಗೇ ಯಾರಾದರೂ ಹೇಳಿಯಾರು ಅಂತ ಎಣಿಸಿರಲಿಲ್ಲ. ಗಿಡ್ಡಪ್ಪ ಇಳಿದು ಬಂದಾಗ ಬಿಳಿ ಅಂಗಿಯ ಎದೆಯ ಮೇಲೆಲ್ಲ ತುಕ್ಕಿನ ಕಲೆ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

“ನಿಂಗೆ... ನೋಡಕ್ಕೇ ಆಗ್ಲಿಲ್ವಲ್ಲೋ.”

ಗಿಡ್ಡಪ್ಪ ಒಮ್ಮೆ ಹೆಂಡತಿಯ ಕಡೆ ನೋಡಿದ, ಒಮ್ಮೆ ತುಂಗಮ್ಮನ ಕಡೆ ನೋಡಿದ. “ಅಯ್ಯೋ, ಅದಕ್ಕೇನಮ್ಮಾ! ಅಷ್ಟು ಜೋರಾಗಿ ಇಟ್ಟಿದ್ರಲ್ಲ, ಮೇಲಕ್ಕೆ ಎಲ್ಲಾ ಕೇಳಿಸ್ತು. ಹೆಸ್ರು ಹೇಳಿದ್ದೂ ಕೇಳಿಸ್ತು.” ಮುತ್ತಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಲೈನಿನವರು ಮತ್ತೊಮ್ಮೆ ಕೇಕೆ ಹಾಕಿದರು.

ಅವನು ಕೇಳಿದನಲ್ಲ ಅನ್ನುವ ಆ ಒಂದು ಮಾತನ್ನು ಹಿಡಿದುಕೊಂಡೇ ತುಂಗಮ್ಮ ಆಮೇಲಿನ ವರ್ಷಗಳನ್ನು ಕಳೆದಳು. ಆದರೂ ನಾಚಿಕೆ ಬಿಡಲಿಲ್ಲ. ಗಿಡ್ಡಪ್ಪ ಅಂಗಳಕ್ಕೆ ಬಂದಾಗೆಲ್ಲ ತನ್ನ ಬಾಯಿಂದ ಹೊರಟ ಆ ‘ಶ್!’ ಕಿವಿಯಲ್ಲಿ ಕೇಳುತ್ತಿತ್ತು. ಅವನಿಗೆ ಬಡಿಸುವಾಗ ಸೌಟು ತಾನಾಗಿ ಇನ್ನೊಂದು ಸಲ ಪಾತ್ರೆಗೆ ಇಳಿಯುತ್ತಿತ್ತು. ಥೂ, ಯಾರೋ ಬಣ್ಣದ ಟೀವಿಯವಳ ಮುಂದೆ ಮೆರೆಯಲು ಹೋಗಿ ಎಂಥ ಕೆಲಸ ಮಾಡಿದೆ ಅಂತ ಒಲೆಯ ಮುಂದೆ ತನಗೆ ತಾನೇ ಬಯ್ದುಕೊಳ್ಳುತ್ತಿದ್ದಳು. ಪ್ರತಿ ಕೊಯ್ಲಿಗೂ ದೂರದರ್ಶನಕ್ಕೆ ಒಂದು ಕಾರ್ಡು ಹೋಗುತ್ತಿತ್ತು. ಈಗ ಅದರಲ್ಲಿ ಬೈಗುಳವಿಲ್ಲ. ‘ದಯಮಾಡಿ ಆ ಹಾಡನ್ನು ಇನ್ನೊಂದು ಸಲ ತೋರಿಸಿ’ ಅಂತ ಬೇಡಿಕೆ ಮಾತ್ರ.

ಅಷ್ಟರಲ್ಲಿ ಸುತ್ತಮುತ್ತಲ ಮನೆಗಳ ಮೇಲೆ ಡಿಶ್ಶುಗಳು ಎದ್ದವು. ತುಂಗಮ್ಮನ ಮನೆಗೂ ಬಣ್ಣದ ಟೀವಿ ಬಂತು, ಡಿಶ್ ಮಾತ್ರ ಬರಲಿಲ್ಲ. “ಆ ಬೋಗುಣೀಲಿ ಬರೀ ಅತ್ತೆ ಸೊಸೆ ಜಗಳ ಬರುತ್ತಂತೆ. ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ? ನಮ್ಮ ಹಾಡು ಹುಡುಕ್ಕೊಂಡು ಬಂದೋರು ದೂರದರ್ಶನದೋರು. ಉಂಡ ಮನೆ ಜಂತೆ ಎಣಿಸಲ್ಲ ನಾನು” ಅನ್ನುತ್ತಿದ್ದಳು.

ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿಯಲ್ಲಿ, ವೀಕ್ಷಕರ ಪತ್ರ ಓದುವ ಹೊತ್ತಿನಲ್ಲಿ ಆ ಮಾತು ಬಂದೇಬಂತು: ಕಳಸದ ತುಂಗಮ್ಮನವರ ಬಹುದಿನದ ಕೋರಿಕೆಯ ಮೇರೆಗೆ, ಮುಂದಿನ ವಾರ.

ಈ ಸಲ ಅವಳು ಊರಿಗೆಲ್ಲ ಡಂಗುರ ಹೊಡೆಯಲಿಲ್ಲ. ಟೀವಿಯನ್ನು ಅವತ್ತಿನ ಹಾಗೇ ಜಗುಲಿಗೆ ತಂದಿಟ್ಟು, ಗಿಡ್ಡಪ್ಪ, ಮುತ್ತಮ್ಮ ಇಬ್ಬರನ್ನೇ ಕರೆದಳು. ಗಿಡ್ಡಪ್ಪನ ತಲೆ ಬೆಳ್ಳಗಾಗಿತ್ತು, ಮುತ್ತಮ್ಮನ ಮುಂದಿನ ಹಲ್ಲು ಹೋಗಿತ್ತು. ನೆಲದ ಮೇಲೆ ಕೂರಲು ಹೋದವನನ್ನು ತುಂಗಮ್ಮ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಅವನು ತುದಿಯಲ್ಲಿ ಕೂತ.

ಆ ಹಾಳು ಗಾಳಿ ಅವತ್ತೇ ಬೀಸಬೇಕೇ! ಕಾರ್ಯಕ್ರಮದ ಹೆಸರು ಬರುವಷ್ಟರಲ್ಲಿ ಪರದೆಯ ತುಂಬ ಮತ್ತೆ ಅಕ್ಕಿ. ಗಿಡ್ಡಪ್ಪ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿದ.

“ಕೂತ್ಕೋ!” ತುಂಗಮ್ಮನ ಕೂಗಿಗೆ ಬೆಕ್ಕು ಎದ್ದು ಓಡಿತು. “ನೀನು ಇವತ್ತು ಎದ್ರೆ ನನ್ನಾಣೆ. ರೀ, ನೀವು ಅಂಗಳದಲ್ಲಿ ನಿಂತು ಕೂಗಿ.” ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಐವತ್ತೈದು ದಾಟಿದ ಹೆಂಗಸು. ಕೈಗೆ ಸಿಕ್ಕ ಕಾಫಿ ಗಿಡದ ರೆಂಬೆ ಹಿಡಿದು, ಏದುಸಿರು ಬಿಡುತ್ತ, ಒಂದು ಕಡೆ ಜಾರಿ ಮೊಣಕಾಲು ತರಚಿಕೊಂಡು, ಅಂತೂ ಮೇಲೆ ಮುಟ್ಟಿದಳು. ಪೈಪನ್ನು ಎದೆಗೆ ಅವಚಿಕೊಂಡು ತಿರುಗಿಸಿದಳು.

“ಬಂತಾ?”

“ಬಂತು!” ಅಂತ ಕೃಷ್ಣಪ್ಪನವರ ಕೂಗು ತೆಳ್ಳಗೆ ತೇಲಿ ಬಂತು. “ಹಂಗೇ ಹಿಡ್ಕೊಂಡಿರು!”

ಹಿಡಿದುಕೊಂಡಳು. ಇನ್ನೇನು ಹಾಡು ಕೇಳುತ್ತದೆ ಅಂತ ಕಿವಿಯನ್ನು ಕಣಿವೆಯ ಕಡೆ ಕೊಟ್ಟಳು. ಸಿಲ್ವರ್ ಓಕ್ ಮರಗಳಲ್ಲಿ ಗಾಳಿ ಭೋರೆನ್ನುತ್ತಿತ್ತು. ಎಲ್ಲೋ ದೂರದ ತೋಟದಲ್ಲಿ ನೀರಿನ ಪಂಪು ಓಡುತ್ತಿತ್ತು. ಉಸಿರು ಬಿಗಿಹಿಡಿದು ಕೇಳಿದಳು. ತಲೆ ಕೊಡವಿ ಸೆರಗು ಜಾರಿಸಿ ಕೇಳಿದಳು. ಗಾಳಿ ನಿಂತಾಗಲೂ ಕೇಳಿದಳು. ಹಾಡಿಲ್ಲ, ಮಾತಿಲ್ಲ, ಗುಂಯ್ ಅನ್ನುವ ಸದ್ದೂ ಇಲ್ಲ. ಕೆಳಗೆ ಮನೆಯ ಹೆಂಚು ಕಾಣುತ್ತಿತ್ತು, ಅಷ್ಟೇ.

ಅವನಿಗೆ ಏನೂ ಕೇಳಿಸಿರಲಿಲ್ಲ. ಹಾಡೂ ಇಲ್ಲ, ಹೆಸರೂ ಇಲ್ಲ. ಹಬ್ಬದ ಅಂಗಿ ಹಾಕಿಕೊಂಡು ಇಲ್ಲಿ ಪೈಪು ತಬ್ಬಿ ನಿಂತು, ಕೆಳಗೆ ಬಂದು, ಜನರ ನಗೆಯಿಂದಲೇ ಹೆಸರಿನ ಗುಟ್ಟು ಊಹಿಸಿ, ತುಂಗಮ್ಮನ ಮುಖ ಉಳಿಸಲಿಕ್ಕೆ ‘ಎಲ್ಲಾ ಕೇಳಿಸ್ತಮ್ಮಾ’ ಅಂದಿದ್ದ. ತಾನು ಅದನ್ನು ನಂಬಿ ಒಂಬತ್ತು ವರ್ಷ ನೆಮ್ಮದಿಯಾಗಿ ಉಂಡಿದ್ದಳು. ತುಂಗಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಳು ಬಂತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ, ಬಿಟ್ಟರೆ ಕೆಳಗೆ ಚಿತ್ರ ಹೋಗುತ್ತದೆ. ಹಾಗೇ ಅತ್ತಳು.

ಕೃಷ್ಣಪ್ಪನವರು ಮುಗಿಯಿತು ಅಂತ ಕೂಗಿದ ಮೇಲೆ ಇಳಿದು ಬಂದಳು. ಗಿಡ್ಡಪ್ಪ ಅಂಗಳದಲ್ಲಿ ನಿಂತಿದ್ದ, ಅವನ ಕಣ್ಣು ಕೆಂಪಾಗಿತ್ತು. ಜಗುಲಿಯಲ್ಲಿ ಮುತ್ತಮ್ಮ ಇನ್ನೂ ಸೆರಗಿನಲ್ಲಿ ಮುಖ ಹುದುಗಿಸಿ ಕೂತಿದ್ದಳು.

“ಗಿಡ್ಡಪ್ಪ” ಅಂದಳು ತುಂಗಮ್ಮ, ತಗ್ಗಿದ ದನಿಯಲ್ಲಿ. “ಅಲ್ಲಿಗೆ ಏನೂ ಕೇಳಲ್ವಲ್ಲೋ ಮಾರಾಯ.”

ಗಿಡ್ಡಪ್ಪ ಜಗುಲಿಯ ಕಡೆ ನೋಡಿದ, ಹೆಂಡತಿಗೆ ಕೇಳಿಸಿತೋ ಏನೋ ಅಂತ. ಆಮೇಲೆ ತುಂಗಮ್ಮನ ಅಂಗೈ ನೋಡಿದ.

“ಹುಣಸೆಹಣ್ಣು ಹಾಕಿ ತಿಕ್ಕಿ ಅಮ್ಮಾ” ಅಂದ. “ಆ ತುಕ್ಕು ಬರೀ ಸೋಪಿಗೆ ಹೋಗಲ್ಲ.”