ಗೆಳತಿಗಾಗಿ ಆರಿಸಿದ ನಾಣ್ಯ

ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಏಳನೆಯ ತರಗತಿಯ ಖಾಲಿ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಗೆಳತಿ ರೊಟ್ಟಿ ಮುರಿಯುತ್ತ ಮಾತು ತೆಗೆದಳು.

"ಒಂದು ಸಣ್ಣ ಕೂಸಿನ ಹುಟ್ಟುಹಬ್ಬ ಐತಿ. ಎರಡು ವರ್ಷ ತುಂಬ್ತಾವ. ಬೆಳ್ಳಿ ನಾಣ್ಯ ಕೊಡಬೇಕಂತ ಮಾಡೀನಿ. ಆರ್ಸಾಕ ನನ್ನ ಕೂಡ ಬರ್ತಿಯೇನು?"

"ನಾಣ್ಯ ಆರ್ಸೋದ್ರಾಗ ಏನೈತಿ? ಅಂಗಡಿಯಾಂವ ಕೊಟ್ಟಿದ್ದು ತಗೊಂಡು ಬರೋದು."

"ಹಂಗಲ್ಲ. ಅವರು ಬೌದ್ಧರು, ನಿಮ್ಮಂಗ. ಯಾವ ನಾಣ್ಯ ನೋಡಿದ್ರೂ ಲಕ್ಷ್ಮಿನೇ ಇರ್ತಾಳ. ಕೊಟ್ಟ ಮ್ಯಾಲ ಅವರಿಗೆ ಬ್ಯಾಸರ ಆಗಬಾರದು ನೋಡು. ನಿನಗಾದ್ರ ಗೊತ್ತಾಗ್ತದ."

ಯಾರ ಮಗು ಎಂದು ಕೇಳಿದೆ. ಗಂಡನ ಆಫೀಸಿನವರದು ಎಂದಳು. ನನಗೆ ಹಿಡಿಸಿದ್ದು ಅವಳ ಆ ಕಾಳಜಿ. ನಮ್ಮ ಮನೆಗೆ ಬಂದವರು ದೇವರ ಫೋಟೊ, ಕುಂಕುಮದ ಭರಣಿ ಎಂದು ಏನೇನೋ ತಂದುಕೊಟ್ಟು ಹೋಗುತ್ತಿದ್ದರು. ಅವ್ವ ನಗುತ್ತಲೇ ತೆಗೆದುಕೊಂಡು ಕಪಾಟಿನ ಮೇಲೆ ಇಡುತ್ತಿದ್ದಳು. ಕೊಡುವ ಮೊದಲು ಯೋಚಿಸಿದವರನ್ನು ನಾನು ನೋಡಿದ್ದೇ ಕಡಿಮೆ. ಬರುತ್ತೇನೆ ಎಂದೆ.

ಅವಳು ನನಗೆ ಬರೀ ಜೊತೆಗೆ ಕೆಲಸ ಮಾಡುವವಳಲ್ಲ. ಯಾದಗಿರಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಿಕ್ಷಕರ ತರಬೇತಿ ಮುಗಿಸಿದ್ದೆವು. ಆಮೇಲೆ ಶಹಾಪುರದ ಒಂದೇ ಶಾಲೆಗೆ ಬಂದೆವು. ನನ್ನ ಮದುವೆ ನಾಲ್ಕು ವರ್ಷ ನಡೆದು ನಿಂತುಹೋದಾಗ, ಎರಡೂ ಕಡೆಯ ಹಿರಿಯರು ಯಾದಗಿರಿಯ ನಮ್ಮ ಮನೆಯಲ್ಲಿ ಕೂತು ಮಾತಾಡಿದ ದಿನ, ನನ್ನ ಪಕ್ಕದಲ್ಲಿ ಕೂತಿದ್ದವಳು ಅವಳೇ. ಮಕ್ಕಳಾಗಲಿಲ್ಲ ಎಂಬುದು ಎಲ್ಲರೂ ಆಡಿದ ಕಾರಣ. ಬೇರೆಯೂ ಇದ್ದವು. ಅವರೆಲ್ಲ ಎದ್ದು ಹೋದ ಮೇಲೆ ಅವಳು ನನ್ನ ಕೈ ಹಿಡಿದು, "ಇನ್ನ ಆ ಮನಿ ಹೊಸ್ತಿಲಾ ನಾನೂ ತುಳಿಯಂಗಿಲ್ಲ" ಅಂದಿದ್ದಳು. ಆ ಮಾತು ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿತ್ತು. ಅವನ ಸುದ್ದಿಯನ್ನು ನನ್ನೆದುರು ಎತ್ತಬೇಡ ಎಂದು ನಾನೇ ಅವಳಿಗೆ ಹೇಳಿದ್ದೆ. ಒಮ್ಮೆ ಮಾತ್ರ ತಡೆಯಲಾಗದೆ, ಈಗ ಎಲ್ಲಿದ್ದಾನೆ ಎಂದು ಕೇಳಿದ್ದೆ. "ಮತ್ತ ಮದುವಿ ಮಾಡ್ಕೊಂಡು ಕಲಬುರಗಿ ಕಡಿ ಹೋಗ್ಯಾನಂತ" ಎಂದಿದ್ದಳು. ನಾನು ಮುಂದೆ ಕೇಳಲಿಲ್ಲ.

ಮೊದಲು ಶಹಾಪುರದಲ್ಲೇ ನೋಡಿದೆವು. ಶಾಲೆ ಬಿಟ್ಟ ಮೇಲೆ ಹೋದ ಅಂಗಡಿಯಲ್ಲಿ ಲಕ್ಷ್ಮಿ, ಗಣಪತಿ, ಇಬ್ಬರೂ ಒಟ್ಟಿಗೆ ಕೂತದ್ದು, ಎಲ್ಲವೂ ಇದ್ದವು. ಇವು ಬೇಡ ಅಂದಾಗ ಅಂಗಡಿಯವ ಡ್ರಾಯರಿನಿಂದ ಇನ್ನೊಂದು ತೆಗೆದ.

"ಹಂಗಾದ್ರ ರಾಣಿ ಛಾಪ ತಗೋರಿ. ಹಳೇ ಮಾಲು, ಚಲೋ ಬೆಳ್ಳಿ."

ಯಾವಾಗಲೋ ಸತ್ತ ವಿಲಾಯತಿಯ ರಾಣಿಯನ್ನು ಎರಡು ವರ್ಷದ ಕೂಸಿಗೆ ಕೊಡುವುದೇ ಎಂದು ನಾನು ಗೆಳತಿಯ ಕಿವಿಯಲ್ಲಿ ಹೇಳಿದೆ. ಇಬ್ಬರೂ ನಗು ತಡೆದುಕೊಂಡು ಹೊರಗೆ ಬಂದೆವು. ಯಾದಗಿರಿಯಲ್ಲಿ ನೋಡೋಣ, ಭಾನುವಾರ ಹೇಗೂ ಅವ್ವನ ಮನೆಗೆ ಹೋಗುವವಳಿದ್ದೇನೆ ಎಂದೆ.

ಅವಳ ಮನೆ ಸುರಪುರದಲ್ಲಿ. ಆ ಭಾನುವಾರ ಬೆಳಿಗ್ಗೆಯೇ ಬಸ್ಸು ಹಿಡಿದು ಶಹಾಪುರಕ್ಕೆ ಬಂದಳು. ಅಲ್ಲಿಂದ ಒಟ್ಟಿಗೆ ಹೋದೆವು. ಯಾದಗಿರಿಯ ಬಜಾರಿನ ಒಳಗಿನ ಓಣಿಯಲ್ಲಿ ಅವ್ವ ಯಾವಾಗಲೂ ಹೋಗುವ ಒಂದು ಬೆಳ್ಳಿ ಅಂಗಡಿ ಇದೆ. ಅಲ್ಲಿಯ ಮುದುಕ ಕೆಂಪು ಬಟ್ಟೆ ಹಾಸಿ, ಸಣ್ಣ ಚೀಲದಿಂದ ನಾಣ್ಯಗಳನ್ನು ಸುರಿದ. ದೇವರುಗಳ ನಡುವೆ ಕೈಯಾಡಿಸುತ್ತ ಹೋದಾಗ ಒಂದು ಸಿಕ್ಕಿತು. ಒಂದು ಬದಿಗೆ ಮರ, ಇನ್ನೊಂದು ಬದಿಗೆ ಸುತ್ತ ಎಲೆಯ ಬಳ್ಳಿ, ನಡುವೆ ಖಾಲಿ. ಅಚ್ಚು ಒತ್ತುವಾಗ ಸರಿದಿತ್ತೋ ಏನೋ, ಮರ ನಟ್ಟನಡುವೆ ಇರದೆ ಎಡಕ್ಕೆ ವಾಲಿತ್ತು.

"ಇದು ಸೊಟ್ಟ ಐತಲ್ಲ" ಎಂದಳು ಗೆಳತಿ.

"ಸೊಟ್ಟ ಅಲ್ಲ, ಗಾಳಿಗಿ ಬಾಗಿದಂಗ ಐತಿ. ಬೋಧಿ ಮರ ಅಂತ ತಿಳ್ಕೊಳ್ಳೋರು ತಿಳ್ಕೋತಾರ. ಬರೀ ಮರ ಅನ್ನೋರಿಗೆ ಬರೀ ಮರ."

ಅಂಚನ್ನು ನನ್ನ ಕೆನ್ನೆಗೆ ಒತ್ತಿ ಸುತ್ತಲೂ ಉಜ್ಜಿ ನೋಡಿದೆ. ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಒಂದು ಕಡೆ ಸ್ವಲ್ಪ ಚೂಪಾಗಿತ್ತು. ಅದನ್ನು ಉಜ್ಜಿಕೊಡಿ ಎಂದೆ. ಮುದುಕ ಅರದಿಂದ ನಯವಾಗಿ ಉಜ್ಜಿ, "ಹೆಸರು ಕೆತ್ತಬೇಕೇನ್ರಿ?" ಎಂದು ಕೇಳಿದ.

"ಬ್ಯಾಡ್ರಿ" ಎಂದು ಗೆಳತಿ ತಟ್ಟನೆ ಹೇಳಿದಳು. ದುಡ್ಡು ಉಳಿಸುತ್ತಿದ್ದಾಳೆ ಎಂದುಕೊಂಡೆ.

ಅವ್ವ ನಮ್ಮಿಬ್ಬರಿಗೂ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ನಾನು ನಾಣ್ಯ ತೋರಿಸಿ, ಹುಡುಕಿದ ಕಥೆ ಹೇಳಿದೆ. ಅವ್ವ ಕೈ ಒರೆಸಿಕೊಂಡು ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು.

"ಯಾರ ಕೂಸರೇ ಇರ್ಲಿ, ತಂಪಾಗಿ ಬಾಳ್ಲಿ" ಎಂದಳು. ಆಮೇಲೆ ಗೆಳತಿಯ ಕಡೆ ತಿರುಗಿ, "ನೀ ಇಕಿನ್ನ ಕೂಡಿಸ್ಕೊಂಡು ಅಡ್ಡಾಡ್ತಿ, ನನಗದ ಸಮಾಧಾನ ನೋಡವ್ವ" ಎಂದಳು.

ಗೆಳತಿ ತಟ್ಟೆಯ ಮೇಲಿಂದ ತಲೆ ಎತ್ತಲಿಲ್ಲ. ಖಾರ ಹತ್ತಿರಬೇಕೆಂದು ನಾನು ನೀರು ಮುಂದಿಟ್ಟೆ.

ಹುಟ್ಟುಹಬ್ಬದ ಮರುದಿನ ಅವಳು ಡಬ್ಬಿಯಲ್ಲಿ ಕೇಕಿನ ತುಂಡು, ಖಾರ ಅವಲಕ್ಕಿ ತಂದಳು. ನಾಣ್ಯ ಎಲ್ಲರಿಗೂ ಹಿಡಿಸಿತಂತೆ. ನಾನು ಖುಷಿಯಿಂದಲೇ ತಿಂದೆ.

ಅದಾಗಿ ಒಂದು ಮಳೆಗಾಲ ಕಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಸುರಪುರದಲ್ಲಿ ನಮಗೆ ತರಬೇತಿ ಇತ್ತು. ಗೆಳತಿ ಬಂದಿರಲಿಲ್ಲ, ಜ್ವರ ಎಂದು ರಜೆ ಹಾಕಿದ್ದಳು. ಅವಳು ಸುರಪುರದ ಆ ಮನೆಗೆ ಹೋಗಿ ಮೂರು ವರ್ಷವಾಗುತ್ತ ಬಂದಿದ್ದರೂ ನಾನು ಒಮ್ಮೆಯೂ ಹೋಗಿರಲಿಲ್ಲ. ಪ್ರತಿ ಸಲವೂ ಏನಾದರೊಂದು ಹೇಳುತ್ತಿದ್ದಳು. ಅತ್ತೆಗೆ ಹುಷಾರಿಲ್ಲ, ಮನೆ ಇಕ್ಕಟ್ಟು, ನಾನೇ ಶಹಾಪುರಕ್ಕೆ ಬರುತ್ತೇನಲ್ಲ ಎಂದು. ಜ್ವರದಲ್ಲಿರುವವಳನ್ನು ನೋಡಲು ಕರೆಯುವವರೆಗೂ ಕಾಯಬೇಕೇ? ತರಬೇತಿ ಬೇಗ ಮುಗಿದದ್ದರಿಂದ ಮೋಸಂಬಿ ಕಟ್ಟಿಸಿಕೊಂಡು, ಆ ಊರಿನವಳೇ ಆದ ಇನ್ನೊಬ್ಬ ಟೀಚರಿಂದ ಓಣಿ ಕೇಳಿ ತಿಳಿದು ಹೊರಟೆ.

ಗುಡ್ಡದ ಬುಡದಲ್ಲಿ ಒಂದಕ್ಕೊಂದು ಅಂಟಿದ ಎರಡು ಮನೆ, ಎರಡಕ್ಕೂ ಒಂದೇ ಕಟ್ಟೆ. ಯಾವುದು ಅವಳದು ಎಂದು ನಾನು ನೋಡುತ್ತಿರುವಾಗ ಕಟ್ಟೆಯ ಮೇಲೆ ಒಂದು ಹೆಣ್ಣು ಮಗು ಸ್ಟೀಲಿನ ಲೋಟ ಬಡಿಯುತ್ತ ಆಡುತ್ತಿತ್ತು. ಕೊರಳಲ್ಲಿ ಕರಿದಾರ. ಅದರಲ್ಲಿ ನಾಣ್ಯ. ದಾರ ಪೋಣಿಸಲು ಮೇಲೆ ಒಂದು ಸಣ್ಣ ಕೊಂಡಿ ಬೆಸೆಯಿಸಿದ್ದರು. ಬಗ್ಗಿ ನೋಡಿದೆ. ಎಡಕ್ಕೆ ವಾಲಿದ ಮರ.

ನನಗೆ ನಿಜವಾಗಿಯೂ ಸಂತೋಷವಾಯಿತು. ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿಡದೆ ಮಗುವಿನ ಕೊರಳಿಗೇ ಹಾಕಿದ್ದಾರಲ್ಲ ಎಂದು. "ನೀನೇ ಏನವ್ವಾ ಅಕಿ?" ಎಂದು ಎತ್ತಿಕೊಂಡೆ. ಮಗು ಹೆದರಲಿಲ್ಲ. ನನ್ನ ಬಳೆ ಹಿಡಿದು ಎಳೆಯಿತು.

"ಯಾರು ಬಂದಾರ?" ಎನ್ನುತ್ತ ಒಳಗಿನಿಂದ ಒಬ್ಬ ಮುದುಕಿ ಬಂದಳು. ಬಾಗಿಲಲ್ಲೇ ನಿಂತಳು. ನಾನೂ ನಿಂತೆ. ನಾಲ್ಕು ವರ್ಷ ನಾನು ಯಾರ ಕೂದಲಿಗೆ ಎಣ್ಣೆ ಹಚ್ಚಿದ್ದೆನೋ ಆ ಮುದುಕಿ.

"ಅತ್ತಿ" ಎಂದು ಬಾಯಿಗೆ ಬಂದೇಬಿಟ್ಟಿತು.

"ಯವ್ವಾ, ನೀನಾ?" ಎಂದಳು ಅವಳು. ಸಿಟ್ಟಿರಲಿಲ್ಲ, ಗಾಬರಿ ಇತ್ತು. ಆಚೆ ಈಚೆ ನೋಡಿ, "ಸೊಸಿ ಸಂತಿಗಿ ಹೋಗ್ಯಾಳ. ಅವ ಡ್ಯೂಟಿಗಿ ಹೋಗ್ಯಾನ. ಬಾ, ನೀರಾದ್ರೂ ಕುಡಿ" ಎಂದಳು.

ಮಗು ಇನ್ನೂ ನನ್ನ ಕಂಕುಳಲ್ಲಿತ್ತು. ಅವನ ಮೂಗು, ಅವನ ಅಗಲ ಹಣೆ. ಅಷ್ಟು ಹೊತ್ತು ನಾನು ನಾಣ್ಯವನ್ನಷ್ಟೇ ನೋಡಿದ್ದೆ. ಮಗುವನ್ನು ಕೆಳಗಿಳಿಸಿದೆ. ಕಟ್ಟೆಯ ಮೇಲೆ ಕೂತೆ. ಮುದುಕಿ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ನನ್ನ ಕಾಲಿನ ಕಡೆ ನೋಡುತ್ತ ಕೇಳಿದಳು:

"ಮೊಣಕಾಲು ನೋವು ಈಗ ಕಡಿಮಿ ಐತೇನು?"

"ನನ್ನ ಮೊಣಕಾಲು ನೋವು ನಿಮಗ ಹ್ಯಾಂಗ ಗೊತ್ತು?"

"ಬಾಜೂ ಮನಿಯಾಕಿ ಹೇಳ್ತಾಳಲ್ಲ. ಇಲ್ಲೇ ಕುಂತು ನಿನ್ನ ಸುದ್ದಿ ಎಲ್ಲಾ ಹೇಳ್ತಾಳ." ಆಮೇಲೆ ಸ್ವರ ತಗ್ಗಿಸಿ, "ಆ ಕಕ್ಕೇರಾದ ಸಂಬಂಧ ಬ್ಯಾಡ ಅನಬಾರದಿತ್ತು ಯವ್ವಾ. ಮಾಸ್ತರಂತ, ಚಲೋ ಮಂದಿಯಂತ. ಒಬ್ಬಾಕೀನ ಎಷ್ಟು ದಿನ ಇರ್ತಿ?" ಎಂದಳು.

ಕಕ್ಕೇರಾದಿಂದ ಬಂದ ಆ ಸಂಬಂಧದ ಸುದ್ದಿ ಅವ್ವನಿಗೆ ಮತ್ತು ಗೆಳತಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾನು ಬೇಡವೆಂದ ಕಾರಣವಂತೂ ಅವ್ವನಿಗೂ ಗೊತ್ತಿರಲಿಲ್ಲ. ಆ ಮಾಸ್ತರು ಒಳ್ಳೆಯ ಮನುಷ್ಯರೇ. ಆದರೆ ಅವರು ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಕಿವಿ ಇನ್ನೊಂದು ದನಿಯನ್ನು ಹುಡುಕುತ್ತಿತ್ತು. ಬಿಟ್ಟುಹೋದ ಗಂಡನ ದನಿಯನ್ನು. ಅದನ್ನು ನಾಚಿಕೆ ಬಿಟ್ಟು, ಅಳುತ್ತ, ಗೆಳತಿಗೊಬ್ಬಳಿಗೆ ಹೇಳಿಕೊಂಡಿದ್ದೆ.

ಎದ್ದು ಪಕ್ಕದ ಬಾಗಿಲಿಗೆ ಹೋದೆ. ಗೆಳತಿ ಕಂಬಳಿ ಹೊದ್ದು ಮಂಚದ ಮೇಲಿದ್ದಳು. ಜ್ವರ ಖರೆ. ಗೋಡೆಯಾಚೆಯ ಮಾತೆಲ್ಲ ಅವಳಿಗೆ ಕೇಳಿಸಿತ್ತು ಎಂದು ಮುಖ ನೋಡಿದೊಡನೆ ತಿಳಿಯಿತು. ಮೋಸಂಬಿ ಚೀಲವನ್ನು ಕಿಟಕಿಯ ಮೇಲಿಟ್ಟೆ.

"ಎಷ್ಟು ದಿನದಿಂದ ಇದ್ದಾರ ಇವರಿಲ್ಲಿ?"

"ಕೂಸು ಹುಟ್ಟೋಕಿಂತ ಮೊದಲಿಂದ."

"ಕಲಬುರಗಿ ಅಂದಿದ್ದಿ."

"ಏನ್ ಹೇಳ್ಲಿ ಮತ್ತ? ಅವನ ಸುದ್ದಿ ತೆಗೀಬ್ಯಾಡ ಅಂತ ನೀನೇ ಅಂದಿದ್ದಿ. ನಾವು ಬಂದ ಮ್ಯಾಲ ಅವರು ಬಂದ್ರು. ನಾ ಏನು ಕರೆದಿದ್ದೆನೇನು? ಬಾಜೂ ಮನಿ. ಬಾಣಂತಿಗಿ ಹಾಲಿರ್ಲಿಲ್ಲ, ಕೂಸು ಅಳ್ತಿತ್ತು. ನಾ ಎತ್ಕೊಂಡೆ. ಹಂಗ ಬೆಳೀತು. ಹೇಳಿದ್ರ ನೀ ನನ್ನ ಬಿಡ್ತಿ ಅಂತ ಹೆದರಿಕಿ ಇತ್ತು."

"ನಾಣ್ಯ ಆರ್ಸಾಕ ನನ್ನ ಯಾಕ ಕರ್ಕೊಂಡು ಹೋದಿ?"

"ನೀ ಆರ್ಸಿದ್ರ ಚಲೋದು ಆರಸ್ತಿ ಅಂತ." ಎದ್ದು ಕೂತು, "ಬ್ಯಾರೆ ಏನೂ ಮನಸ್ನ್ಯಾಗ ಇರ್ಲಿಲ್ಲ" ಎಂದಳು.

ಅದನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ. ಅವಳಿಗೆ ಆ ಮಗು ಬೇಕಾಗಿತ್ತು, ನಾನೂ ಬೇಕಾಗಿದ್ದೆ. ನನ್ನ ಅವ್ವ ಆ ನಾಣ್ಯವನ್ನು ಹಿಡಿದು ಹರಸಿದಾಗ ಅವಳು ಎದುರಿಗೆ ಕೂತು ರೊಟ್ಟಿ ತಿಂದಿದ್ದಳಲ್ಲ, ಅದು ಮಾತ್ರ ನುಂಗಲಾಗಲಿಲ್ಲ.

"ಕಕ್ಕೇರಾದ ಸಂಬಂಧ ನಾ ಯಾಕ ಬ್ಯಾಡಂದೆ ಅನ್ನೋದನ್ನೂ ಹೇಳಿದಿಯೇನು?"

ಅವಳು ಕಂಬಳಿಯ ಅಂಚನ್ನು ಸರಿಮಾಡಿಕೊಂಡಳು. "ಮುದುಕಿ ಮರಗ್ತಿತ್ತು. ನಿನಗ ಅನ್ಯಾಯ ಮಾಡಿದ್ವಿ ಅಂತಿತ್ತು. ಒಂದ್ಸಲ ಬಾಯಿಗಿ ಬಂದುಬಿಡ್ತು."

"ಆವಾಗ ಅವ ಇದ್ನೇನು?"

"ಪಡಸಾಲ್ಯಾಗ ಇದ್ದ." ಮತ್ತೆ ಅಂದಳು, "ಕೇಳಿಸಿರಬೇಕು."

ನಾನು ಬೈಯಲಿಲ್ಲ. ಬೈಗುಳ ಬರಲಿಲ್ಲ ಅಷ್ಟೇ. ಅವನು ಬಿಟ್ಟುಹೋದ ದಿನ ನನ್ನ ಹತ್ತಿರ ಉಳಿದಿದ್ದು ಒಂದೇ ಒಂದು: ನಾನು ಏನನ್ನು ಅನುಭವಿಸುತ್ತಿದ್ದೇನೆಂದು ಅವನಿಗೆ ತಿಳಿಯದು ಎಂಬ ಗಟ್ಟಿತನ. ಆ ಗಟ್ಟಿತನದಲ್ಲೇ ತಲೆ ಎತ್ತಿ ಶಾಲೆಗೆ ಹೋಗಿದ್ದೆ, ಪಾಠ ಮಾಡಿದ್ದೆ, ನಕ್ಕಿದ್ದೆ. ಅವನು ಪಡಸಾಲೆಯಲ್ಲಿ ಕೂತು ಅದನ್ನೂ ಕೇಳಿಸಿಕೊಂಡಿದ್ದ. ಕೇಳಿಸಿದವಳು ನನ್ನ ಗೆಳತಿ.

ಹೊರಗೆ ಬಂದಾಗ ಮುದುಕಿ ಮಗುವಿಗೆ ಏನೋ ತಿನ್ನಿಸುತ್ತಿದ್ದಳು. "ಹೊಂಟಿಯೇನು?" ಎಂದಳು. ತಲೆ ಅಲ್ಲಾಡಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಗೆಳತಿ ಜ್ವರ ವಾಸಿಯಾಗಿ ಶಾಲೆಗೆ ಬಂದ ದಿನ, ಎಂದಿನಂತೆ ಆ ಖಾಲಿ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕಾದಳು. ನಾನು ಉಳಿದ ಟೀಚರುಗಳ ಜೊತೆ ಕೂತು ಉಂಡೆ. ಎರಡು ಮೂರು ಬಾರಿ ಮಾತಾಡಿಸಲು ಬಂದಳು. ಶಾಲೆಯ ವಿಷಯಕ್ಕೆ ಉತ್ತರ ಕೊಡುತ್ತಿದ್ದೆ, ಉಳಿದದ್ದಕ್ಕೆ ಇಲ್ಲ. ಅವ್ವನಿಗೆ ಎಲ್ಲ ಹೇಳಿದೆ. ಅವ್ವ, "ಆ ಕೂಸಿಂದೇನು ತಪ್ಪಿಲ್ಲ. ನಾ ಅಂದಿದ್ದು ಹಿಂದಕ್ಕ ತಗೊಳಂಗಿಲ್ಲ" ಎಂದಳು. ಗೆಳತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಗೆಳತಿ ಸುರಪುರ ತಾಲ್ಲೂಕಿಗೇ ವರ್ಗ ಮಾಡಿಸಿಕೊಂಡಳು. ಬೀಳ್ಕೊಡುವ ದಿನ ಹೆಡ್‌ಮಾಸ್ತರು, "ಇವರಿಬ್ಬರೂ ಅಕ್ಕತಂಗ್ಯಾರಿದ್ದಂಗ. ಮೊದಲು ಟೀಚರ್ ಮಾತಾಡ್ಲಿ" ಎಂದು ನನ್ನನ್ನು ಎಬ್ಬಿಸಿದರು. ಎದ್ದು ನಿಂತೆ. ಭಿನ್ನರಾಶಿಯ ಲೆಕ್ಕವನ್ನು ಅವಳಷ್ಟು ಚೆನ್ನಾಗಿ ಮಕ್ಕಳಿಗೆ ಹೇಳಿಕೊಡುವವರನ್ನು ನಾನು ನೋಡಿಲ್ಲ ಎಂದೆ. ಅದು ನಿಜ. ಬೇರೆ ಏನನ್ನೂ ಸೇರಿಸದೆ ಕೂತೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಗಲುವ ದುಃಖ ಎಂದು ಎಲ್ಲರೂ ಅವಳನ್ನು ಸಮಾಧಾನ ಮಾಡಿದರು. ನಾನು ಆರನೆಯ ತರಗತಿಯ ಪಾಠವಿದೆ ಎಂದು ಹೇಳಿ ಎದ್ದು ಹೋದೆ.