ಹಿಮದೂರಿನ ರಾಗಕ್ಕೆ ಕುದುರೆಕೂದಲ ತಂತಿ

ನಮ್ಮೂರು ಕರಾಕೋಲಿನ ಬೆಟ್ಟಗಳ ನೆತ್ತಿಗೆ ಬೆಳಕು ಬಿದ್ದಿದೆ, ಊರಿಗಿನ್ನೂ ಇಳಿದಿಲ್ಲ. ಅಂಗಳದ ಬೆಂಚಿನ ಮೇಲೆ ಕುಳಿತ ವಾದಕಿ ಕಲಿಪಾ ಕುದುರೆ ಬಾಲದ ಕೂದಲನ್ನು ಬಾಚುತ್ತಿದ್ದಾರೆ. ಬಿಸಿನೀರಲ್ಲಿ ತೊಳೆದು ಹಗ್ಗಕ್ಕೆ ಇಳಿಬಿಟ್ಟ ಕಪ್ಪು ಎಳೆಗಳಿಂದ ಸಣ್ಣಗೆ ಹಬೆ ಏಳುತ್ತಿದೆ. ಒಂದೊಂದೇ ಎಳೆಯನ್ನು ಬೆರಳುಗಳ ನಡುವೆ ಎಳೆದು ನೋಡುತ್ತಾರೆ. ತೊಡಕು ಸಿಕ್ಕಿದ್ದು ಪಕ್ಕಕ್ಕೆ ಹೋಗುತ್ತದೆ. ಉಳಿದವನ್ನು ಸೇರಿಸಿ ಕಟ್ಟಿದರೆ ಕೈಯಾಕಿನ ತಂತಿ ಸಿದ್ಧ. ಏಪ್ರಿಕಾಟ್ ಮರದಲ್ಲಿ ಕೆತ್ತಿದ, ಬಿಲ್ಲೆಳೆದು ನುಡಿಸುವ, ಸೌಟಿನಂಥ ಆ ಪುಟ್ಟ ವಾದ್ಯಕ್ಕೆ ಇರುವುದು ಎರಡೇ ತಂತಿ.

"ಗಂಡು ಕುದುರೆದೇ ಆಗ್ಬೇಕು," ಅನ್ನುತ್ತಾರೆ ಕಲಿಪಾ. "ಹೆಣ್ಣು ಕುದುರೆ ತನ್ನ ಬಾಲದ ಮೇಲೆ ತಾನೇ ಉಚ್ಚೆ ಹೊಯ್ಕೊಳ್ಳುತ್ತೆ, ಕೂದಲು ಪೊಳ್ಳಾಗುತ್ತೆ. ಇದನ್ನೆಲ್ಲ ಪೇಪರಲ್ಲಿ ಬರೀಬೇಡ ಮತ್ತೆ!"

ಬರೆದಾಯಿತು. ಅವರ ನಗುವನ್ನೂ ಬರೆಯಲು ಬರುವಂತಿದ್ದರೆ ಚೆನ್ನಾಗಿತ್ತು.

ನಮ್ಮ ಊರಿನ ಕಲಾಭವನದ ವಾದ್ಯವೃಂದದಲ್ಲಿ ಕಲಿಪಾ ಹಿಂದಿನ ಸಾಲಿನವರು. ಎಲ್ಲರ ಕೈಯಾಕುಗಳಿಗೂ ತಂತಿ ಕಟ್ಟಿಕೊಡುವುದು ಅವರೇ, ಚಳಿಗಾಲದಲ್ಲಿ ಬೆಳಿಗ್ಗೆ ಮೊದಲು ಬಂದು ಸಭಾಂಗಣದ ಒಲೆ ಹಚ್ಚುವುದೂ ಅವರೇ. ಮದುವೆಗಳಿಗೆಲ್ಲ ಕೀಬೋರ್ಡು ಬಂದ ಮೇಲೆ ಅವರ ಸಾಲಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಒಬ್ಬ ಟ್ಯಾಕ್ಸಿ ಓಡಿಸಲು ಹೋದ, ಇನ್ನೊಬ್ಬ ರಷ್ಯಾಕ್ಕೆ ಹೋದ. ಕಲಿಪಾ ಉಳಿದರು. "ಎಲ್ಲಿಗೆ ಹೋಗ್ಲಿ? ನನಗೆ ಬರೋದು ಇದೊಂದೇ."

ಅವರು ಕುರುಬರ ಮಗಳು. ಎತ್ತರದ ಹುಲ್ಲುಗಾವಲಿನಲ್ಲಿ ಅಜ್ಜಿ ತೀರಿಕೊಂಡಾಗ ಡೇರೆಯೊಳಗೆ ಕುಳಿತು ಹುಡುಗಿ ಶೋಕಗೀತೆ ಹಾಡಿದಳಂತೆ. ಸಾವಿಗೆ ಬಂದಿದ್ದ ಕೈಯಾಕು ವಾದಕ ಇಸಾಬೆಕ್ ಅತಾ ಅದನ್ನು ಕೇಳಿ, ತಾವೇ ಮನೆಯವರ ಕೈಕಾಲು ಹಿಡಿದು ಅವಳನ್ನು ಶಿಷ್ಯೆ ಮಾಡಿಕೊಂಡರು. ಕೊನೆಗಾಲದಲ್ಲಿ ತಮ್ಮ ವಾದ್ಯವನ್ನು ಅವಳ ಮಡಿಲಿಗೇ ಹಾಕಿದರು.

ಹೋದ ವರ್ಷದ ಚಳಿಗಾಲದಲ್ಲಿ ಕಲಿಪಾರನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುವ ವಾದ್ಯವೃಂದದ ಪಿಟೀಲುಗಾರ ತಿಲೆಕ್ ತನ್ನ ಮೊಬೈಲನ್ನು ಅವರ ಕಿವಿಗೆ ಹಿಡಿದ. ಕೀಂ ಕೀಂ ಎನ್ನುವ ತೆಳ್ಳನೆ ದನಿ, ಕತ್ತಲಲ್ಲಿ ಮಿಂಚುಹುಳಗಳು ಸಾಲಾಗಿ ಹೋದ ಹಾಗೆ.

"ಯಾರು ಸತ್ತಿದ್ದು?" ಎಂದು ಕೇಳಿದರು ಕಲಿಪಾ.

"ಯಾರೂ ಸತ್ತಿಲ್ಲ ಎಜೆ, ಇದು ವಿಡಿಯೋ ಗೇಮಿನ ಹಾಡು! ಚಿಕ್ಕವನಿದ್ದಾಗ ಆಡ್ತಿದ್ದೆ. ಒಬ್ಬ ಯಾತ್ರಿಕ ಹಿಮದಲ್ಲಿ ಮುಳುಗಿದ ಊರಿಗೆ ಬರ್ತಾನೆ, ಆಗ ಇದು ಬರುತ್ತೆ."

"ಗೇಮೋ ಗೀಮೋ, ಇದು ಅಳುವೇ. ನನಗೆ ಗೊತ್ತಾಗಲ್ವಾ?"

ತಿಲೆಕನ ತಲೆಯಲ್ಲಿ ಒಂದು ಹುಚ್ಚಿತ್ತು. ನೂರಾರು ವರ್ಷದ ಹಿಂದೆ, ಒಂಟೆಗಳ ಸಾಲು ಬಂದು ತಂಗುತ್ತಿದ್ದ ಕಾಲದಲ್ಲಿ, ಯಾವುದೋ ಖಾನನ ಡೇರೆಯೆದುರು ಈ ಹಾಡು ನುಡಿದಿದ್ದರೆ ಹೇಗಿರುತ್ತಿತ್ತು? ಮುಂದೆ ಕೈಯಾಕು, ಕೊಳಲು, ತಮಟೆ. ಹಿಂದೆ ಇಡೀ ವಾದ್ಯವೃಂದ ಮಂಜಿನ ಹಾಗೆ. ಧ್ವನಿಮುದ್ರಣದ ದಿನ ಚಟಪಟ ಸದ್ದಾಗಬಾರದೆಂದು ಒಲೆ ಆರಿಸಿದರು. ಎಲ್ಲರೂ ಕೋಟು ಹಾಕಿಕೊಂಡೇ ನುಡಿಸಿದರು. ಮೊದಲ ಸ್ವರಕ್ಕೆ ಮುಂಚೆ ಕಲಿಪಾ ದೀರ್ಘವಾಗಿ ಉಸಿರೆಳೆದದ್ದು ಮುದ್ರಣದಲ್ಲಿ ಹಾಗೇ ಉಳಿದಿದೆ. ಅದನ್ನು ಕತ್ತರಿಸೋಣವೇ ಎಂದು ಕೇಳಿದವರಿಗೆ ತಿಲೆಕ್ ಬೇಡ ಅಂದ.

ಹಾಡು ಇಂಟರ್ನೆಟ್ಟಿಗೆ ಹೋದ ಮೇಲೆ ಎಲ್ಲೆಲ್ಲಿಂದಲೋ ಜನ ಬರೆಯತೊಡಗಿದರು. ಕಲಿಪಾರಿಗೆ ಆ ಭಾಷೆಗಳು ಬರುವುದಿಲ್ಲ. ತಿಲೆಕ್ ಅವರ ಅಡುಗೆಮನೆಯಲ್ಲಿ ಕುಳಿತು ಒಂದೊಂದನ್ನೇ ಓದಿ ಹೇಳುತ್ತಿದ್ದ.

"ಇವನೊಬ್ಬ ಬರೀತಾನೆ: ಇದನ್ನ ಕೇಳಿದಾಗಿಂದ ನಮ್ಮನೆ ಬೆಕ್ಕು ಸಿಂಹಾಸನ ಕೇಳ್ತಿದೆ, ಪಕ್ಕದ ಮನೆಯವರ ಹತ್ರ ಕಪ್ಪ ವಸೂಲಿಗೆ ಹೊರಟಿದೆ."

ಕಲಿಪಾ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. "ಇನ್ನೊಂದು ಓದು."

"ಇವಳು ಪೋಲೆಂಡಿನ ನರ್ಸು. ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೇಳ್ತಾಳಂತೆ. ಇಳಿಯೋ ಸ್ಟಾಪ್ ಮರೆತು ಊರ ಕೊನೆತನಕ ಹೋಗ್ಬಿಟ್ಟೆ ಅಂತಾಳೆ."

"ಪಾಪ. ವಾಪಸ್ ಬರೋಕೆ ಬಸ್ ಸಿಕ್ತಂತಾ?"

"ಒಬ್ಬ ಬೈದಿದ್ದಾನೆ ಎಜೆ. ಹಾಡನ್ನ ಹಾಳು ಮಾಡಿದ್ರಿ, ಮಧ್ಯದಲ್ಲಿ ಎಳೆದೂ ಎಳೆದೂ ಸಾಯಿಸಿದ್ರಿ ಅಂತ."

"ನಿಜ ಕಣೋ. ಅಲ್ಲಿ ನನ್ನ ಮೊಣಕೈ ಚಳಿಗೆ ಮರಗಟ್ಟಿತ್ತು."

ಒಂದನ್ನು ಓದುವಾಗ ಮಾತ್ರ ತಿಲೆಕನ ದನಿ ತಗ್ಗಿತು. ಜಪಾನಿನವನೊಬ್ಬ ಬರೆದಿದ್ದ: ಈ ಆಟವನ್ನು ಅಣ್ಣನ ಜೊತೆ ಒಂದೇ ಕೋಣೆಯಲ್ಲಿ ಕುಳಿತು ಆಡುತ್ತಿದ್ದೆ. ಅಣ್ಣ ಈಗಿಲ್ಲ. ನಿಮ್ಮ ಹಾಡು ಶುರುವಾಗುವ ಮೊದಲು ಯಾರೋ ಉಸಿರೆಳೆಯುತ್ತಾರೆ. ಅದನ್ನು ಕೇಳಿದಾಗಲೆಲ್ಲ ಅವನು ಪಕ್ಕದಲ್ಲಿ ಬಂದು ಕುಳಿತ ಹಾಗಾಗುತ್ತದೆ. ಆ ಉಸಿರು ಯಾರದು?

ಕಲಿಪಾ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಊರಿನ ಮಾತು ಬೇರೆಯೇ ಇತ್ತು. "ಏನ್ ಕಲಿಪಾ, ಅಜ್ಜಿ ಆಗೋ ವಯಸ್ಸಲ್ಲಿ ಗೇಮ್ ಆಡ್ತಿದ್ದೀಯಂತೆ?" ಎಂದು ಬಜಾರಿನಲ್ಲಿ ಕಿಚಾಯಿಸಿದರು. ಅದನ್ನವರು ನಕ್ಕು ತಳ್ಳಿಹಾಕಿದರು. ತಳ್ಳಿಹಾಕಲು ಆಗದೆ ಹೋದದ್ದು ಗುರುವಿನ ಮಗಳು ಅನಾರ್‌ಕುಲ್ ಅಪಾ ಮನೆಬಾಗಿಲಿಗೆ ಬಂದಾಗ.

"ನಮ್ಮಪ್ಪ ಆ ಕೈಯಾಕನ್ನ ಸತ್ತವರಿಗಾಗಿ ಬಾರಿಸ್ತಿದ್ದ, ರೋಗಿಗಳ ತಲೆದೆಸೇಲಿ ಕೂತು ಬಾರಿಸ್ತಿದ್ದ. ನೀನು ಮಕ್ಕಳ ಆಟಕ್ಕೆ ಬಾರಿಸ್ತೀಯಾ? ಕೊಡು ಇಲ್ಲಿ."

ಕಲಿಪಾ ವಾದ್ಯಕ್ಕೆ ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು. "ಅವರ ಮಗಳು ಕೇಳಿದ್ಮೇಲೆ ನಾನ್ಯಾರು?" ಎಂದು ಈಗಲೂ ಕೇಳುತ್ತಾರೆ.

ಉಳಿದ ಚಳಿಗಾಲವೆಲ್ಲ ಅವರು ಬೇರೆಯವರ ಕೈಯಾಕುಗಳಿಗೆ ತಂತಿ ಕಟ್ಟಿದರು, ಒಲೆ ಹಚ್ಚಿದರು, ತಾಲೀಮಿನ ಹೊತ್ತಿಗೆ ಸಭಾಂಗಣದಿಂದ ಎದ್ದು ಬಂದರು. ಬೇರೆ ವಾದ್ಯ ತರುತ್ತೇನೆಂದ ತಿಲೆಕನಿಗೆ ಬೇಡವೆಂದರು. ಅವನು ಬಂದು ಓದುವುದನ್ನು ಮಾತ್ರ ಬಿಡಲಿಲ್ಲ. "ದೂರದ ನೆಂಟರು ಕ್ಷೇಮಸಮಾಚಾರ ಹೇಳಿ ಕಳಿಸಿದ ಹಾಗಿರ್ತಿತ್ತು," ಎಂದು ನೆನೆಯುತ್ತಾರೆ. ಅಡುಗೆಮನೆಯ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಒಳಗೆ ಯಾವುದೋ ಕಡಲಾಚೆಯ ಮೀನುಗಾರ, ಯಾವುದೋ ಲಾರಿ ಚಾಲಕ, ನಿದ್ದೆ ಬಾರದ ಯಾರದೋ ತಾಯಿ, ಒಬ್ಬೊಬ್ಬರಾಗಿ ಬಂದು ಚಹಾಕ್ಕೆ ಕೂರುತ್ತಿದ್ದರು.

ಹಿಮ ಕರಗುವ ಹೊತ್ತಿಗೆ ಅನಾರ್‌ಕುಲ್ ಅಪಾ ಮತ್ತೆ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಸುತ್ತಿದ ವಾದ್ಯ. ನಡೆದದ್ದಿಷ್ಟು: ಅಷ್ಟು ರೇಗಿದ ಅವರು ಆ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಕಣ್ಣಿಗೆ ಜೊಂಪು ಹತ್ತಿದಾಗ ಗೋಡೆಯಾಚೆ ಅಪ್ಪ ಕೈಯಾಕು ನುಡಿಸುತ್ತಿದ್ದ. ಕನಸೆಂದುಕೊಂಡರು. ಎದ್ದು ಕುಳಿತ ಮೇಲೂ ನುಡಿಸುತ್ತಲೇ ಇದ್ದ. ಹೋಗಿ ನೋಡಿದರೆ ಸೊಸೆ ಹಿಟ್ಟು ನಾದುತ್ತಿದ್ದಳು, ಪಕ್ಕದಲ್ಲಿ ಅವಳ ಮೊಬೈಲು. "ಅತ್ತೆ, ಬೈಬೇಡಿ," ಅಂದಳಂತೆ, "ಇದೇ ಆ ಗೇಮಿನ ಹಾಡು."

"ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ," ಎಂದರು ಅನಾರ್‌ಕುಲ್ ಅಪಾ ಗೇಟಿನಲ್ಲೇ.

"ಆಗ್ಲಿ ಅಪಾ, ಒಳಗೆ ಬನ್ನಿ."

"ಅದನ್ನ ಬಾರಿಸು. ನನ್ನೆದುರಿಗೆ."

ತಂತಿಗಳು ಸಡಿಲಾಗಿದ್ದವು. ಕಲಿಪಾ ಹೊಸದಾಗಿ ಕಟ್ಟುವವರೆಗೂ ಆ ಹಿರಿಯೆ ತಮಗೆ ಕೊಟ್ಟ ಚಹಾ ಮುಟ್ಟದೆ ಕುಳಿತಿದ್ದರು. ಹಾಡು ಮುಗಿದಾಗ ಕೊನೆಯ ಸ್ವರದಲ್ಲಿ ಕಲಿಪಾ ಬಿಲ್ಲನ್ನು ಎತ್ತಲಿಲ್ಲ. ತಂತಿಯ ಮೇಲೆಯೇ ಅದನ್ನು ನಿದ್ದೆಹೋಗಲು ಬಿಟ್ಟರು.

"ಅಪ್ಪ ಹೀಗೇ ಮುಗಿಸ್ತಿದ್ದ," ಎಂದರು ಅನಾರ್‌ಕುಲ್ ಅಪಾ. "ನಾನು ಮರ್ತೇಬಿಟ್ಟಿದ್ದೆ. ಅವನ ಮಗಳಾಗಿ ಮರ್ತಿದ್ದೆ." ಆರಿದ ಚಹಾವನ್ನು ಕೈಗೆತ್ತಿಕೊಂಡರು. "ಆ ಹುಡುಗನಿಗೆ ಹೇಳು, ಅಪ್ಪನ ಹೆಸರು ಹಾಕ್ಲಿ. ವಾದ್ಯ ನಿನ್ನ ಹತ್ರಾನೇ ಇರ್ಲಿ."

ತಿಲೆಕ್ ಹಾಡಿನ ಕೆಳಗೆ ಇಸಾಬೆಕ್ ಅತಾರ ಹೆಸರು ಹಾಕಿದ. ಕಲಿಪಾರ ಹೆಸರನ್ನೂ ಹಾಕುತ್ತೇನೆಂದಾಗ, 'ಅವರ ಶಿಷ್ಯೆ' ಎಂದಷ್ಟೇ ಬರೆಸಿದರು. "ಅದಕ್ಕಿಂತ ದೊಡ್ಡದು ಇನ್ನೇನು ಬರೀತೀಯ?" ಅಂದರಂತೆ.

ಕಳೆದ ವಾರ ತಿಲೆಕನ ಮನೆಯಲ್ಲಿ ಕಲಿಪಾ ಮೊದಲ ಸಲ ಆ ಆಟವನ್ನು ಕಂಡರು. ನಾನೂ ಇದ್ದೆ. ಟೀವಿ ಪರದೆಯ ಮೇಲೆ ಹಿಮ ಉದುರುತ್ತಿದೆ. ಚೌಕ ಚೌಕ ಚುಕ್ಕೆಗಳಿಂದ ಮಾಡಿದ ಪುಟ್ಟ ಮನೆಗಳು, ಒಂದು ಕಿಟಕಿಯಲ್ಲಿ ಹಳದಿ ಬೆಳಕು, ಅದರೆದುರು ಕೋಲು ಹಿಡಿದ ಯಾತ್ರಿಕ. ಕೀಂ ಕೀಂ ಎಂದು ಆ ಹಳೆಯ ಹಾಡು.

"ಈ ಗುಂಡಿ ಒತ್ತಿ ಎಜೆ, ನಡೀತಾನೆ."

"ನಡೆದ್ರೆ ಏನಾಗುತ್ತೆ?"

"ಊರು ದಾಟ್ತಾನೆ. ಬೇರೆ ಹಾಡು ಬರುತ್ತೆ."

ಕಲಿಪಾ ಗುಂಡಿಯಿಂದ ಬೆರಳು ತೆಗೆದರು. "ಆ ಮನೆ ಬಾಗಿಲು ತೆಗೆಯುತ್ತಾ?"

"ಇಲ್ಲ, ಅದು ಬರೀ ಚಿತ್ರ."

"ಅಯ್ಯೋ, ಅಷ್ಟು ಜನ ಆಡಿದವರೆಲ್ಲ ಹೊರಗೇ ನಿಂತಿದ್ರಾ!"

ಇನ್ನು ಮುಂದೆ ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದೆ. ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ತಿಲೆಕ್ ಗುಂಡಿಗೆ ಕೈಚಾಚಿದಾಗ ತಡೆದರು.

"ಇರ್ಲಿ ಬಿಡೋ, ಇನ್ನೊಂದು ಸಲ ಕೇಳ್ಲಿ ಅವನು. ಎಲ್ಲಿಂದ ನಡ್ಕೊಂಡು ಬಂದಿದ್ದಾನೋ."