ಎಡೆಯಿಲ್ಲದ ಓಣಿ

ಅಥವಾ ಆ ಬೆಳಿಗ್ಗೆ ಮಳೆಯೇ ಇರಲಿಲ್ಲವೇನೋ. ಬೆಳಗಾವಿಯ ಟಿಳಕವಾಡಿಯಿಂದ ಹೊರಟಾಗ ಕೈಯಲ್ಲಿ ಕೊಡೆ ಇತ್ತು. ಅದನ್ನು ಬಿಚ್ಚಿದ್ದೆನೇ ಎಂದರೆ ಹೇಳಲಾರೆ. ಖಾನಾಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ನಿಲ್ದಾಣದೆದುರು ಸಾವಂತ ಮಾಸ್ತರರು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಭಜಿ, ಚಹಾ ಮುಗಿಸಿ ಹಲಸಿಯ ರಸ್ತೆ ಹಿಡಿದೆವು.

ಅವರ ಊರು ಹಲಸಿಗೂ ಆಚೆ. ಹಿಂದೊಮ್ಮೆ ಒಂದು ದಂಡು ಅದನ್ನು ಗೆದ್ದು ಸುಟ್ಟಿತಂತೆ. ಯಾವ ದಂಡು, ಯಾವ ಕಾಲ ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸತ್ತವರಿಗಾಗಿ ಕಲ್ಲು ನಿಲ್ಲಿಸಲು ಮಾಸ್ತರರು ವರ್ಷಗಟ್ಟಲೆ ಓಡಾಡಿದ್ದರು. ಖಾನಾಪುರದಲ್ಲಿ ಕಲ್ಲು ಸಿದ್ಧವಾಗಿತ್ತು. ಎಷ್ಟು ಜನ ಸತ್ತರೆಂದು ಕೆತ್ತುವುದಷ್ಟೇ ಬಾಕಿ. ಅಂದು ಮಹಾಲಯ ಅಮಾವಾಸ್ಯೆ. ಆ ದಾಳಿಯಲ್ಲಿ ಸತ್ತ ತಮ್ಮ ಹಿರಿಯರಿಗೆ ತಲಾ ಒಂದರಂತೆ ಮನೆಯವರು ಹಳೆಯ ಊರಬಾಗಿಲಲ್ಲಿ ಎಡೆ ಇಡುವುದು ಅಲ್ಲಿನ ಪದ್ಧತಿ. ಎಡೆಗಳನ್ನು ಎಣಿಸಿದರಾಯಿತು ಎಂದಿದ್ದರು ಮಾಸ್ತರರು. ನನಗೂ ಅದು ಸರಿಯೆನಿಸಿತ್ತು.

ಬಾಳೆಲೆಗಳ ಮೇಲೆ ಅನ್ನ, ವಡೆ, ಹೋಳಿಗೆ. ಮಾಸ್ತರರು ಬೆರಳು ಮಡಚುತ್ತ ನಡೆದರು. ಎಲೆಗೆ ನೀರು ಬಿಡುತ್ತಿದ್ದ ಅಜ್ಜಿಯೊಬ್ಬಳು ಛೇಡಿಸಿದಳು: "ಏನ್ ಮಾಸ್ತರ, ಹಾಜರಿ ತಗೊಳಾಕತ್ತಿಯೇನು? ಇವ್ರು ಎದ್ದ ನಿಂತು 'ಹಾಜರ್ ಸರ್' ಅನ್ನೂದಿಲ್ಲೋ!"

"ಕಲ್ಲಿನ ಮ್ಯಾಲೆ ಅಂತಾರ, ನೋಡ್ ಆಯಿ," ಎಂದರು ಮಾಸ್ತರರು.

ಊರಬಾಗಿಲ ಹಿಂದೆ ಹುಲ್ಲು ಬೆಳೆದ ಓಣಿಯೊಂದಿತ್ತು. ಎರಡೂ ಕಡೆ ಮನೆಗಳ ಪಾಯ, ಒಂದು ಒಡೆದ ಒರಳು.

"ಈ ಮನೆಗಳವರ ಎಡೆ ಯಾವುದು?" ಎಂದು ಕೇಳಿದೆ.

ಮಾಸ್ತರರು ನಕ್ಕರು. "ಇವರದೆಲ್ಲಿ ಎಡಿ ತರ್ತೀರಿ? ಇಡಾಕ ಒಬ್ರರ ಉಳದಿದ್ರ ಅಲ್ಲೇನ್ರೀ..."

ನಗು ಅಲ್ಲಿಗೇ ನಿಂತಿತು. ಮಡಚಿದ ಬೆರಳುಗಳನ್ನು ಅವರು ಮೆಲ್ಲಗೆ ಬಿಚ್ಚಿದರು. ಯಾರಿಗಾಗಿ ಅಳಲು ಒಬ್ಬರಾದರೂ ಉಳಿದಿದ್ದರೋ ಅವರಷ್ಟೇ ನಮ್ಮ ಲೆಕ್ಕಕ್ಕೆ ಸಿಕ್ಕಿದ್ದರು. ಪೂರಾ ಅಳಿದ ಮನೆಗೆ ಸೊನ್ನೆ.

"ದಾಳಿಗೆ ಬಂದ ದಂಡಿನವರೂ ಸತ್ತಿರಬೇಕಲ್ಲ?" ಎಂದೆ.

"ಖರೇ ಅದ. ಆದ್ರ ಸ್ವಲ್ಪ ಸುಮ್ಮನಿರ್ರಿ," ಎಂದು ಒರಳಿನ ಬಾಜೂಕ್ಕೇ ಕುಳಿತುಬಿಟ್ಟರು.

ಅಷ್ಟರಲ್ಲಿ ಕಲ್ಲು ಕೆತ್ತುವವನ ಫೋನ್ ಬಂತು. "ನಂಬರ್ ಹಾಕಬ್ಯಾಡಪಾ," ಎಂದರು ಮಾಸ್ತರರು. "ಇಲ್ಲ, ನಾಳೆನೂ ಹೇಳಾಂಗಿಲ್ಲ. ಬರೇ ಊರ ಹೆಸರು ಹಾಕು."

ಸಂಜೆ ಬೆಳಗಾವಿಗೆ ಮರಳಿದೆ. ಆ ಓಣಿಯಲ್ಲಿ ಎಷ್ಟು ಜನ ಇದ್ದರು, ಎಲ್ಲರೂ ಸತ್ತರೇ, ಕೆಲವರಾದರೂ ಓಡಿಹೋಗಿ ಬೇರೆಲ್ಲೋ ಬದುಕಿದರೇ, ನನಗೆ ಗೊತ್ತಿಲ್ಲ.